ಮುರಿದ ಅಚ್ಚಿನ ಮೂರು ಪ್ರಶ್ನೆಗಳು

"ಯುವರಾಜನನ್ನು ಬಲಿ ತೆಗೆದುಕೊಂಡ ರಥದ ಅಚ್ಚಿನ ಬಗ್ಗೆ ರಾಜಕುಮಾರಿ ಪದ್ಮಲೆ ಮೂರು ಒಗಟು ಕೇಳುವಳು. ಬಿಡಿಸಿದವನಿಗೆ ಅವಳ ಕೈ, ಜೊತೆಗೆ ಬೇಡಿದ ವರ. ತಪ್ಪಿದವನಿಗೆ ತಲೆದಂಡ" ಎಂದು ಕೇತರಸ ದೊರೆ ಡಂಗುರ ಹೊಡೆಸಿದ.

ಮಗ ಸತ್ತಂದಿನಿಂದ ದೊರೆಗೆ ಎಲ್ಲರ ಮೇಲೂ ಅನುಮಾನ. ಅಲ್ಯೂಮಿನಿಯಂ ಪುಡಿಯನ್ನು ಕರಗಿಸಿ, ಪದರದ ಮೇಲೆ ಪದರ ಬೆಸೆದು ಆ ಹಗುರ ಅಚ್ಚನ್ನು ಕಟ್ಟಿದ್ದ ಚೌಡೋಜ ಸೆರೆಮನೆ ಸೇರಿದ್ದ.

ಪದ್ಮಲೆ ಮುರಿದ ತುಂಡನ್ನು ಸಭೆಯಲ್ಲಿಟ್ಟು ಕೇಳಿದಳು: "ಯಾರೂ ಎಳೆಯದಿದ್ದರೂ ಇದರೊಳಗೆ ಬಿಗಿದುಕೊಂಡಿದ್ದದ್ದು ಯಾವುದು? ಆನೆಯ ಭಾರ ತಾಳಿದ್ದು ಅಣ್ಣನೊಬ್ಬನ ಭಾರಕ್ಕೆ ಮುರಿದದ್ದೇಕೆ? ಏನೂ ಇಲ್ಲದ ಜಾಗದಿಂದ ಹೊರಟು ಅವನನ್ನು ಕೊಂದದ್ದು ಯಾವುದು?"

ನೆರೆನಾಡಿನ ಅರಸುಮಗನೊಬ್ಬ, "ಮೂರಕ್ಕೂ ಉತ್ತರ ದ್ರೋಹ. ಮಂತ್ರಿಯನ್ನು ವಿಚಾರಿಸಿ" ಎಂದ.

"ಅಚ್ಚಿನಲ್ಲಿ ಅದರ ಗುರುತು ತೋರಿಸಿ" ಎಂದಳು ಪದ್ಮಲೆ. ಅವನು ತುಂಡನ್ನು ತಿರುಗಿಸಿ ನೋಡಿ ಕೆಳಗಿಟ್ಟ.

ಇನ್ನೊಬ್ಬ ಸೇನಾಪತಿಯತ್ತ ಕೈ ಮಾಡಿ, "ಗರಗಸದಿಂದ ಕುಯ್ಯಿಸಿದ್ದಾರೆ" ಎಂದ. ಗರಗಸದ ಗೀರು ಒಂದೂ ಇರಲಿಲ್ಲ. ಇಬ್ಬರನ್ನೂ ಅಮಾವಾಸ್ಯೆಯ ತಲೆದಂಡಕ್ಕೆಂದು ಒಳಗೆ ಹಾಕಿದರು. ಅಂದಿನಿಂದ ಮಂತ್ರಿ, ಸೇನಾಪತಿ ಒಬ್ಬರ ಪಕ್ಕ ಒಬ್ಬರು ಕೂರಲಿಲ್ಲ.

ಆಮೇಲೆ ಬಂದವನು ಬೊಪ್ಪ, ಚೌಡೋಜನ ಮಗ.

"ಕೈದಿಯ ಮಗ ನೀನು. ಉತ್ತರ ಗೊತ್ತಿದ್ದರೆ ನೀನೂ ಪಾಲುದಾರ" ಎಂದ ದೊರೆ.

"ಗೊತ್ತಿಲ್ಲದಿದ್ದರೂ ತಲೆ ಹೋಗುತ್ತದಲ್ಲ, ಪ್ರಭು. ಹೇಳಿಯೇ ಬಿಡುತ್ತೇನೆ." ಬೊಪ್ಪ ತುಂಡನ್ನು ಎತ್ತಿಕೊಂಡ. "ಬಿಸಿ ಪದರ ಆರುವಾಗ ಕುಗ್ಗುತ್ತದೆ. ಕೆಳಗಿನ ಪದರ ಅದನ್ನು ಬಿಡುವುದಿಲ್ಲ. ಆ ಎಳೆದಾಟ ಲೋಹದೊಳಗೇ ಉಳಿಯಿತು, ಅದೇ ಮೊದಲನೆಯದು. ಅಚ್ಚನ್ನು ಪರೀಕ್ಷಿಸಲೆಂದು ಆನೆ ಹತ್ತಿದ್ದು ಒಂದೇ ಸಲ. ರಥವಾದರೋ ದಿನವೂ ಓಡಿತು, ಚಕ್ರ ಉರುಳಿದಾಗಲೆಲ್ಲ ಅಚ್ಚು ಬಳುಕಿ ದಣಿಯಿತು. ಇನ್ನು ಇಲ್ಲಿ ನೋಡಿ, ಸಾಸಿವೆಗಿಂತ ಸಣ್ಣ ಗುಳ್ಳೆ, ಒಳಗೆ ಬರೀ ಗಾಳಿ. ಬಿರುಕು ಹೊರಟದ್ದು ಇಲ್ಲಿಂದ. ಸುತ್ತಲಿನ ಈ ಗೆರೆಗಳು ಅದು ಮುಂದೆ ಸರಿದ ಗುರುತು."

ಪದ್ಮಲೆ ಗೆರೆಗಳ ಮೇಲೆ ಬೆರಳಾಡಿಸಿ ತಲೆದೂಗಿದಳು.

"ಹಾಗಾದರೆ ತಪ್ಪು ನಿನ್ನಪ್ಪನದೇ" ಎಂದ ದೊರೆ.

"ಹದವಾದ ಕಾವಿನಲ್ಲಿಟ್ಟು ಆ ಬಿಗಿಯನ್ನು ಇಳಿಸಬೇಕಿತ್ತು, ಪ್ರಭು. ಅಪ್ಪ ಕುಲುಮೆ ಹೊತ್ತಿಸುವ ಮೊದಲೇ ಅಚ್ಚನ್ನು ಒಯ್ದರು."

"ಯಾರು?"

ಬೊಪ್ಪ ತುಂಡನ್ನು ದೊರೆಯ ಮುಂದಿಟ್ಟ. "ಯುವರಾಜ ಪಟ್ಟದ ಮೆರವಣಿಗೆಗೆ ತಡವಾಗುತ್ತದೆಂದು ತಾವೇ ಆಳು ಕಳಿಸಿದ್ದಿರಿ."

ದೊರೆ ಒಬ್ಬೊಬ್ಬರ ಮುಖವನ್ನೂ ನೋಡಿದ. ಸೇನಾಪತಿ ತಲೆ ತಗ್ಗಿಸಿದ. ಅಚ್ಚನ್ನು ಒಯ್ದ ಆಳುಗಳು ಅವನವರೇ ಆಗಿದ್ದರು. ದೊರೆ ಅಂದ, "ಹೌದು. ತರಿಸಿದ್ದು ನಾನೇ."

ಬೊಪ್ಪ ಬೇಡಿದ ವರ ಸೆರೆಯಲ್ಲಿದ್ದ ಮೂವರ ಬಿಡುಗಡೆ. ಸೂತಕದ ವರ್ಷ ಕಳೆದ ಮೇಲೆ ಪದ್ಮಲೆ ಒಪ್ಪಿ ಅವನ ಕೈ ಹಿಡಿದಳು. ಆದರೆ ಬಿಡುಗಡೆಯ ದಿನ ದೊರೆ ತಾನೇ ಹೋಗಿ ಕೈಬೇಡಿ ಬಿಚ್ಚಿದಾಗ, ಚೌಡೋಜ ಅವನ ಮುಖ ನೋಡಲಿಲ್ಲ. ಮಗನ ಹೆಗಲು ಹಿಡಿದುಕೊಂಡು ಮನೆಯ ಕಡೆ ನಡೆದ.