ಜೇನಿನ ಎರಿ ನೋಡಿದವನು

"ಮಜ್ಜೆ ನೋಡಿಯಾಯಿತು, ದಿನ ಹೇಳಿಯಾಯಿತು. ಇನ್ನು ರೋಗಿಯ ಹತ್ತಿರ ಮತ್ತೆ ಹೋಗಿ ಮಾಡುವುದೇನಿದೆ ಸಾರ್?"

ಕೇಳಿದವಳು ಶಾಂಭವಿ, ಡಾಕ್ಟರ್ ಬೋಪಣ್ಣನವರ ಶಿಷ್ಯೆ. ಏಳನೇ ಹಾಸಿಗೆಯ ದರ್ಜಿಗೆ ರಕ್ತದ ಕ್ಯಾನ್ಸರ್. ಅವನ ಮೂಳೆಯಿಂದ ತೆಗೆದ ಮಜ್ಜೆಯಲ್ಲಿ ಬಲಿಯದ ಕಣಗಳೇ ಕಿಕ್ಕಿರಿದಿದ್ದವು. ಔಷಧಗಳೆಲ್ಲ ಸೋತಿದ್ದವು. ಎಷ್ಟು ದಿನ ಎಂದು ಅವನು ಕೇಳಿದ್ದ. ಇವಳು ಹೇಳಿ ಬಂದಿದ್ದಳು. ಈ ವಾರದಲ್ಲಿ ಹೀಗೆ ಒಬ್ಬ ರೋಗಿಗೆ ದಿನ ಹೇಳಿದ್ದು ಇದು ಮೂರನೆಯ ಸಲ. ಆ ವಾರ್ಡಿನ ಕಡೆ ಇನ್ನೊಂದು ಹೆಜ್ಜೆ ಇಡಲೂ ಅವಳಲ್ಲಿ ತ್ರಾಣವಿರಲಿಲ್ಲ.

ಬೋಪಣ್ಣ ಕನ್ನಡಕ ತೆಗೆದಿಟ್ಟರು.

"ಒಂದು ಕತೆ ಹೇಳುತ್ತೇನೆ, ಕೇಳಮ್ಮ. ಪ್ರತಿ ಅಕ್ಷರವೂ ನಿಜ. ಸುಳ್ಳಾದರೆ ಈ ಮೀಸೆ ನಿನಗೇ. ನಮ್ಮೂರಲ್ಲಿ ನನ್ನನ್ನು ಕಂಡರೆ ಜೇನುನೊಣಗಳೂ ಎದ್ದು ನಿಲ್ಲುತ್ತಿದ್ದವು."

ಶಾಂಭವಿ ನಗಲಿಲ್ಲ. ಅವರು ಹೇಳತೊಡಗಿದರು.

ಒಬ್ಬ ಜೇನು ಸಾಕುವವನಿದ್ದ. ಪೆಟ್ಟಿಗೆ ತೆರೆದು, ಮರಿಗಳಿರುವ ಮೇಣದ ಎರಿಯನ್ನು ಒಮ್ಮೆ ನೋಡಿದರೆ ಸಾಕು, ಆ ಕುಟುಂಬ ಎಷ್ಟು ದಿನ ಬಾಳುತ್ತದೆಂದು ಹೇಳಿಬಿಡುತ್ತಿದ್ದ. ಬ್ರಹ್ಮನೂ ಇವನನ್ನು ಒಂದು ಮಾತು ಕೇಳಿಯೇ ನೊಣದ ಹಣೆಬರಹ ಬರೆಯುತ್ತಿದ್ದ.

ಒಬ್ಬ ಹೆಂಗಸು ಅವನನ್ನು ಕರೆಸಿದಳು. ಅವಳ ಪೆಟ್ಟಿಗೆ ತುಂಬಿ ಗುಂಯ್‌ಗುಡುತ್ತಿತ್ತು. ಅವನು ಎರಿ ಎತ್ತಿ ನೋಡಿದ. ರಾಣಿ ಸತ್ತು ಬಹಳ ದಿನವಾಗಿತ್ತು; ಕೆಲಸದ ನೊಣಗಳೇ ಮೊಟ್ಟೆ ಇಡತೊಡಗಿದ್ದವು. ಕೋಣೆ ಕೋಣೆಯಲ್ಲೂ ದುಡಿಯಲಾರದ ಗಂಡುಮರಿಗಳೇ.

"ಬೇರೆ ರಾಣಿ ತಂದುಬಿಟ್ಟರೆ?" ಎಂದಳು ಹೆಂಗಸು.

"ಕೊಂದುಹಾಕುತ್ತವೆ ಅಕ್ಕಾ. ಒಂದು ತಿಂಗಳು, ಅಷ್ಟೇ."

ಮುಚ್ಚಳ ಮುಚ್ಚಿ ನಡೆದುಬಿಟ್ಟ.

ತಿಂಗಳಾಯಿತು. ಪೆಟ್ಟಿಗೆ ಒಯ್ಯಲು ಮತ್ತೆ ಬಂದ. ಒಳಗೆ ಒಂದು ನೊಣವೂ ಇರಲಿಲ್ಲ.

"ನೀನು ಹೇಳಿದ ದಿನ ತಪ್ಪಲಿಲ್ಲಪ್ಪ," ಎಂದಳು ಹೆಂಗಸು. "ಆದರೆ ಅಲ್ಲಿಯವರೆಗೆ ಅವಕ್ಕೆ ಏನು ಕೊಡಲಿ, ಇರುವೆ ಹತ್ತಿದರೆ ಏನು ಮಾಡಲಿ, ತಿಳಿಯಲಿಲ್ಲ. ನೀನು ಬರುತ್ತೀಯೇನೋ ಎಂದು ದಿನಾ ದಾರಿ ನೋಡಿದೆ."

ಅವನು ತಲೆ ತಗ್ಗಿಸಿದ. ಅಂದಿನಿಂದ, ಉಳಿಯುವುದಿಲ್ಲವೆಂದು ತಾನೇ ಹೇಳಿದ ಪ್ರತಿ ಪೆಟ್ಟಿಗೆಗೂ ವಾರ ತಪ್ಪದೆ ಸಕ್ಕರೆ ನೀರು ಹಿಡಿದು ಹೋಗುತ್ತಿದ್ದ.

ಬೋಪಣ್ಣ ಮೀಸೆಯ ಮೇಲೆ ಕೈಯಾಡಿಸಿದರು.

"ಒಂದು ಸಣ್ಣ ವಿಷಯ ಮಾತ್ರ ನಾನು ಕಟ್ಟಿದ್ದು: ಅವನು ಮತ್ತೆ ಬಂದದ್ದು. ನಿಜವಾಗಿ ಅವನು ಆ ಮನೆಗೆ ಮತ್ತೆ ಹೋಗಲೇ ಇಲ್ಲ."

ಶಾಂಭವಿ ಎದ್ದು ಏಳನೇ ಹಾಸಿಗೆಯ ಕಡೆ ನಡೆದಳು.