ಸಕ್ಕರೆ ಮುಚ್ಚಿಟ್ಟ ವೈಜಯಂತಿಯ ಕಥೆ

ದೀಪದ ಬತ್ತಿ ಮುಂದೆ ಮಾಡಿ, ಮಕ್ಕಳನ್ನು ಮಗ್ಗುಲಿಗೆ ಕೂಡಿಸಿಕೊಂಡು, ಗೌರಮ್ಮನ ಕಡೆ ಮುಖಮಾಡಿ ಕೇಳಿರಿ. ಈ ಕಲಿಯುಗದಲ್ಲಿ, ಓದಿದ ಮಕ್ಕಳು ಕೆಲಸ ಸಿಗದೆ ಮನೆಯ ಮೂಲೆ ಹಿಡಿದು ಕೂತಿರುವ ಕಾಲದಲ್ಲಿ, ಗೌರೀದೇವಿಯು ಒಬ್ಬ ಹೂಗಾರನ ಮಗಳಿಗೆ ದಾರಿ ತೋರಿದ ಬಗೆ ಇದು.

ವರದಾ ನದಿಯ ತೀರದ ಒಂದು ಪಟ್ಟಣದಲ್ಲಿ ಫಕೀರಪ್ಪನೆಂಬ ಹೂಗಾರನು ತನ್ನ ಹೆಂಡತಿಯಾದ ದ್ಯಾಮವ್ವನೊಡನೆ ಬಸ್ ನಿಲ್ದಾಣದ ಎದುರು ಹೂವು ಕಟ್ಟಿ ಮಾರಿ ಜೀವಿಸುತ್ತಿರಲು, ಅವರಿಗೆ ವೈಜಯಂತಿಯೆಂಬ ಒಬ್ಬಳೇ ಮಗಳು. ಆ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೇ ಮೊದಲು. ಓಣಿಯ ಆಚೆ ತುದಿಯಲ್ಲಿ ನೀಲಾಂಬಿಕೆಯೆಂಬ ಅವಳ ಗೆಳತಿ ಇದ್ದಳು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಬಿ.ಎಸ್ಸಿ. ಓದಿ ಮುಗಿಸಿದರು. ಅಂಕಗಳಲ್ಲಿ ಮಾತ್ರ ಯಾವಾಗಲೂ ನೀಲಾಂಬಿಕೆಯದೇ ಒಂದು ಕೈ ಮೇಲು.

ಆ ಸೀಮೆಯಲ್ಲಿ ಕಾರ್ತಿಕದ ಗೌರಿ ಹುಣ್ಣಿಮೆ ಬಂತೆಂದರೆ ತಾಯಂದಿರು ಪಾಕ ಕಾಯಿಸಿ, ಕಟ್ಟಿಗೆಯ ಅಚ್ಚುಗಳಲ್ಲಿ ಎರೆದು, ಗಿಳಿ, ಕಳಸ, ಗೋಪುರಗಳ ಸಕ್ಕರೆ ಗೊಂಬೆ ಮಾಡುವರು. ಹೆಣ್ಣುಮಕ್ಕಳು ಅವನ್ನು ತಟ್ಟೆಯಲ್ಲಿಟ್ಟು, ನಡುವೆ ದೀಪ ಹಚ್ಚಿ, ಜೋಡಿಯಾಗಿ ಗೌರಿಯ ಗುಡಿಗೆ ಹೋಗಿ ಆರತಿ ಬೆಳಗಿ ಬರುವರು. ಬಂದ ಮೇಲೆ ಸಕ್ಕರೆಯನ್ನು ಮುರಿದು, ಮೊದಲ ಚೂರನ್ನು ಜೊತೆಗೆ ಬಂದವಳ ಬಾಯಿಗಿಟ್ಟು, ಆಮೇಲೆ ತಾವು ತಿನ್ನುವುದು ಹಿರಿಯರು ಹಾಕಿಕೊಟ್ಟ ಕ್ರಮ. ವೈಜಯಂತಿ, ನೀಲಾಂಬಿಕೆಯರು ಲಂಗ ತೊಡುವ ವಯಸ್ಸಿನಿಂದಲೂ ಈ ಕ್ರಮವನ್ನು ತಪ್ಪಿಸಿದವರಲ್ಲ.

ಹೀಗಿರಲಾಗಿ, ಓದು ಮುಗಿದ ವರ್ಷ, ಹುಣ್ಣಿಮೆ ಹತ್ತಿರ ಬಂದಾಗ, ಪೂಜೆಗೆ ಹೂವು ಒಯ್ಯಲು ಬಂದವರೊಬ್ಬರು ಬೀಜದ ಕಂಪನಿಯೊಂದರಲ್ಲಿ ಓದಿದ ಹುಡುಗಿಯರು ಬೇಕಾಗಿದ್ದಾರೆಂದು ಫಕೀರಪ್ಪನಿಗೆ ಹೇಳಿದರು. ಕೇಳಿದ ದ್ಯಾಮವ್ವನು ಸಂತೋಷಪಡುವ ಮೊದಲು ಹೆದರಿ, ಮಗಳನ್ನು ಒಳಗೆ ಕರೆದು, “ಕೆಲಸ ಆಗೂತನಕ ಯಾರ ಮುಂದೂ ಬಾಯಿ ಬಿಡಬ್ಯಾಡ. ನೀಲಾನ ಮುಂದಂತೂ ಬ್ಯಾಡೇ ಬ್ಯಾಡ. ದೃಷ್ಟಿ ಆಗತೈತಿ” ಎಂದಳು. ನಮ್ಮಲ್ಲಿ ಯಾವ ತಾಯಿ ಈ ಮಾತು ಆಡಿಲ್ಲ ಹೇಳಿ! ವೈಜಯಂತಿಯೂ ತಾಯಿಯ ಮಾತು ಹಿಡಿದು, ಎದುರಾದರೆ ಬಾಯಿ ತಪ್ಪಿ ಬಂದೀತೆಂದು ಹುಣ್ಣಿಮೆಯ ದಿನ ನೀಲಾಂಬಿಕೆಗೆ ಕಾಯದೆ, ಹಿಂದಿನ ಓಣಿಯಿಂದ ಒಬ್ಬಳೇ ಗುಡಿಗೆ ಹೋಗಿ ಆರತಿ ಬೆಳಗಿ ಬಂದಳು. ಮುರಿದು ಹಂಚಿದರೆ ತನ್ನ ಪಾಲಿನ ಅದೃಷ್ಟವೂ ಹಂಚಿಹೋದೀತೆಂದು ಗೊಂಬೆಗಳನ್ನು ಇಡಿಯಾಗಿಯೇ ಡಬ್ಬಿಯಲ್ಲಿ ಮುಚ್ಚಿಟ್ಟಳು. ಆಚೆ ತುದಿಯಲ್ಲಿ ನೀಲಾಂಬಿಕೆಯು ತಟ್ಟೆ ಹಿಡಿದು, ದೀಪದ ಎಣ್ಣೆ ತೀರುವವರೆಗೂ ಬಾಗಿಲಲ್ಲಿ ನಿಂತಿದ್ದಳು.

ಗೌರಮ್ಮನು ಇದನ್ನು ನೋಡಿ ಮುಖ ತಿರುಗಿಸಿದಳು.

ಸಂದರ್ಶನದ ದಿನ ವೈಜಯಂತಿಯು ಕೇಳಿದ ಪ್ರಶ್ನೆಗಳಿಗೆಲ್ಲ ತಡವರಿಸದೆ ಉತ್ತರ ಕೊಟ್ಟಳು. ಕೊನೆಗೆ ಅಲ್ಲಿಯ ಹಿರಿಯರು, ಬೀಜದ ಬೆಳೆ ನೋಡಲು ದೂರದ ಹೊಲಗಳಿಗೆ ಹೋಗಬೇಕಾಗುತ್ತದೆ, ನಿಮ್ಮೂರಿನಿಂದ ಜೊತೆಗೆ ಬರುವಂಥ ಓದಿದವರು ಮತ್ತೊಬ್ಬರು ಇದ್ದಾರೆಯೇ ಎಂದು ಕೇಳಿದರು. ನೀಲಾಂಬಿಕೆಯ ಹೆಸರು ನಾಲಿಗೆಯ ತುದಿಯವರೆಗೆ ಬಂತು. ಅವಳ ಅಂಕ ನೋಡಿದರೆ ತನ್ನನ್ನು ಬಿಟ್ಟು ಅವಳನ್ನೇ ಕರೆದಾರೆಂದು ಅಂಜಿ, ಯಾರೂ ಇಲ್ಲ ಎಂದುಬಿಟ್ಟಳು. ಒಬ್ಬ ಹುಡುಗಿಯನ್ನೇ ಹೊಲಕ್ಕೆ ಕಳಿಸಲಾಗದೆಂದು ಕಂಪನಿಯವರು ಬೇರೆ ಊರಿನ ಇಬ್ಬರನ್ನು ಜೋಡಿಯಾಗಿ ತೆಗೆದುಕೊಂಡರು.

ಅಲ್ಲಿಂದ ಅವಳ ಕಷ್ಟ ಮೊದಲಾಯಿತು. ಹೋದಲ್ಲೆಲ್ಲ ಅನುಭವ ಇದೆಯೇ ಎಂದು ಕೇಳುವರು. ಯಾರೂ ಕೆಲಸವನ್ನೇ ಕೊಡದಿದ್ದರೆ ಅನುಭವವು ಆಕಾಶದಿಂದ ಉದುರುವುದೇ? ಒಂದು ಕಡೆ ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ. ಇನ್ನೊಂದು ಕಡೆ ಬಾ ಎಂದವರು, ಹೋದ ಮೇಲೆ ಜಾಗ ತುಂಬಿತು ಎಂದರು. ಮದುವೆ ಮನೆಗೆ ಹೋದರೆ ಊಟದ ಎಲೆ ಹಾಕುವ ಮೊದಲೇ, ಏನು ಮಾಡಿಕೊಂಡಿದ್ದೀಯವ್ವ ಎಂದು ವಿಚಾರಿಸುವ ನೆಂಟರು. ಬರಬರುತ್ತ ಅವಳು ಹೊರಗೆ ಕಾಲಿಡುವುದನ್ನೇ ಬಿಟ್ಟಳು. ಕಂಪನಿಯಲ್ಲಿ ಆಡಿದ ಸುಳ್ಳನ್ನು ತಾಯಿಗೂ ಹೇಳದೆ ಒಳಗೊಳಗೇ ಬೆಂದಳು. ಅಪ್ಪ ಅವ್ವ ಮುಳ್ಳು ಚುಚ್ಚಿದ ಬೆರಳುಗಳಿಂದ ಗುಲಾಬಿ ಬಿಡಿಸುವುದನ್ನು ನೋಡಿದಾಗ, ತಾನು ಓದಿದ್ದೇ ತಪ್ಪಾಯಿತೇನೋ ಎಂದು ದುಃಖ ಉಕ್ಕಿ ಬರುತ್ತಿತ್ತು.

ಹೀಗೆ ದಿನಗಳು ಕಳೆದು ಶ್ರಾವಣ ಬರಲು, ಗೌರಮ್ಮನಿಗೆ ಮರುಕ ಹುಟ್ಟಿತು. ತಾಯಿಯಲ್ಲವೇ, ಎಷ್ಟು ದಿನ ಮುಖ ತಿರುಗಿಸಿಯಾಳು? ಹಣೆ ತುಂಬ ಕುಂಕುಮವಿಟ್ಟ ಮುದುಕಿಯ ವೇಷ ತಾಳಿ, ಜಿಟಿಜಿಟಿ ಮಳೆಯಲ್ಲಿ ಹೂಗಾರರ ಮನೆಗೆ ಬಂದು, ಬಾಯಿ ಸಿಹಿ ಮಾಡಿಕೊಳ್ಳಲು ಏನಾದರೂ ಕೊಡು ಎಂದು ಬೇಡಿದಳು. ಮನೆಯಲ್ಲಿ ಬೆಲ್ಲವೂ ಇರಲಿಲ್ಲ. ವೈಜಯಂತಿಯು ನೆನಪು ಮಾಡಿಕೊಂಡು ಆ ಡಬ್ಬಿಯನ್ನು ತೆಗೆದರೆ, ಥಂಡಿಗೆ ಗಿಳಿ, ಕಳಸ, ಗೋಪುರ ಒಂದೂ ಉಳಿಯದೆ ಸಕ್ಕರೆಯೆಲ್ಲ ನೀರೊಡೆದು ಕೂತಿತ್ತು. ಅವಳು ಅಲ್ಲೇ ಕುಸಿದು ಅತ್ತಳು.

ಮುದುಕಿಯು, “ಸಕ್ಕರಿ ನೀರಾತು ಅಂತ ಅಳತಿ ಏನವ್ವಾ? ಇದನ್ನ ತಿನ್ನಬೇಕಾದಾಕಿ ಇನ್ನೂ ನಿನ್ನ ಹಾದಿ ನೋಡಾಕತ್ತಾಳ” ಎಂದಳು. ಮತ್ತು ಗೌರಿ ಹುಣ್ಣಿಮೆಯ ವಿಧಿಯನ್ನು ಮೊದಲಿಂದ ತಿಳಿಸಿದಳು. ನಿನ್ನ ಹಾಗೆಯೇ ಕೆಲಸ ಹುಡುಕುವವಳ ಮನೆಗೆ ನೀನೇ ಹೋಗಿ, ಜೊತೆಯಾಗಿ ಆರತಿ ಬೆಳಗಿ, ಸಕ್ಕರೆ ಮುರಿದು ಅವಳ ಬಾಯಿಗಿಡುವ ಮುನ್ನ, ನಿನ್ನ ಕಿವಿಗೆ ಬಿದ್ದ ಕೆಲಸದ ಸುದ್ದಿಯನ್ನು ಒಂದಿಷ್ಟೂ ಮುಚ್ಚಿಡದೆ ಅವಳಿಗೆ ಹೇಳಬೇಕು. ಹೇಳದೆ ತಿಂದರೆ ಆರತಿ ಮುಟ್ಟದು. ಇಷ್ಟು ಹೇಳಿ ಮುದುಕಿ ಕಾಣದಾದಳು.

ಕಾರ್ತಿಕದ ಹುಣ್ಣಿಮೆ ಬಂತು. ದೇವಿಯ ಪರೀಕ್ಷೆ ನೋಡಿರಿ! ಮಣ್ಣು ಪರೀಕ್ಷೆ ಮಾಡುವ ಕಚೇರಿಯಲ್ಲಿ ಜಾಗವೊಂದು ಖಾಲಿ ಇದೆಯೆಂದು ಹೂವಿನ ಅಂಗಡಿಯಲ್ಲಿ ಸುದ್ದಿಯಾಯಿತು. ಇದ್ದದ್ದು ಒಂದೇ ಜಾಗ. ದ್ಯಾಮವ್ವನು ಬೇಡವೆಂದು ಕೈ ಹಿಡಿದು ಎಳೆದಳು. ವೈಜಯಂತಿಯು ತಟ್ಟೆ ಎತ್ತಿಕೊಂಡು ನಡೆದಳು. ನೀಲಾಂಬಿಕೆಯ ಬಾಗಿಲಿಗೆ ಬಂದಾಗ ತಿರುಗಿ ಓಡಿಬಿಡಲೇ ಅನ್ನಿಸಿತು. ಸೀರೆ ಅಂಗಡಿಯಲ್ಲಿ ದಿನವಿಡೀ ನಿಂತು ಸೀರೆ ಮಡಿಸಿ ಬಾಡಿಹೋಗಿದ್ದ ಗೆಳತಿಯ ಮುಖ ಕಂಡೊಡನೆ ಕಣ್ಣು ತುಂಬಿ, ಹೋದ ವರ್ಷದ ಸುಳ್ಳನ್ನೂ ಈ ವರ್ಷದ ಸುದ್ದಿಯನ್ನೂ ಒಟ್ಟಿಗೆ ಹೇಳಿದಳು. ನೀಲಾಂಬಿಕೆಯು ಒಳಗೆ ಹೋಗಿ ತನ್ನ ತಟ್ಟೆಯನ್ನೂ ತಂದಳು. ಜೊತೆಯಾಗಿ ಗುಡಿಯಲ್ಲಿ ಆರತಿ ಬೆಳಗಿ ಬಂದು, ಸಕ್ಕರೆ ಮುರಿದು ಒಬ್ಬರ ಬಾಯಿಗೊಬ್ಬರು ಇಟ್ಟರು.

ಇಬ್ಬರೂ ಒಂದೇ ಬಸ್ಸಿನಲ್ಲಿ ಸಂದರ್ಶನಕ್ಕೆ ಹೋದರು. ಕೆಲಸ ನೀಲಾಂಬಿಕೆಗೆ ಸಿಕ್ಕಿತು.

ದ್ಯಾಮವ್ವನು ಮಗಳ ಮುಖ ನೋಡದೆ ಹೂವು ಕಟ್ಟಿದಳು. ವೈಜಯಂತಿಯು ದೇವರ ಮುಂದೆ ಕೂತು, ನೀನು ಹೇಳಿದಂತೆ ಮಾಡಿದೆನಲ್ಲ ತಾಯಿ, ನನಗೇನು ಉಳಿಯಿತು ಎಂದು ಬಿಕ್ಕಿದಳು. ಆದರೂ ಮಾರನೆಯ ದಿನ ತಾನಾಗಿ ಹೊರಗೆ ಬಂದು ಅಪ್ಪನ ಪಕ್ಕ ಅಂಗಡಿಯಲ್ಲಿ ಕೂತಳು. ಯಾರಾದರೂ ಕೇಳಿದರೆ, ಕೆಲಸ ಹುಡುಕುತ್ತಿದ್ದೇನೆ, ಇದ್ದರೆ ಹೇಳಿ ಎಂದು ತಲೆಯೆತ್ತಿ ಹೇಳತೊಡಗಿದಳು.

ಹೀಗಿರಲು ಒಂದು ಸಂಜೆ ನೀಲಾಂಬಿಕೆಯು ಕಚೇರಿಯಿಂದ ತನ್ನ ಮನೆಗೂ ಹೋಗದೆ, ಬಸ್ಸಿಳಿದವಳೇ ನೇರವಾಗಿ ಅಂಗಡಿಗೆ ಓಡಿಬಂದು, “ಹಾಲಿನ ಡೇರಿಯ ಪ್ರಯೋಗಾಲಯಕ್ಕ ಒಬ್ಬರು ಬೇಕಂತ. ನಮ್ಮ ಸಾಹೇಬರ ಮುಂದ ನಿನ್ನ ಹೆಸರು ಹೇಳಿ ಬಂದೀನಿ. ನಾಳೆನ ಹೋಗೂಣು, ನಾನೂ ರಜಾ ಹಾಕೀನಿ” ಎಂದಳು. ಅದನ್ನು ಕೇಳಿ ದ್ಯಾಮವ್ವನ ಕೈಯೊಳಗಿನ ಹೂವು ಕೆಳಗೆ ಬಿತ್ತು. ದೃಷ್ಟಿಯಾದೀತೆಂದು ಯಾರಿಂದ ಮುಚ್ಚಿಟ್ಟಿದ್ದಳೋ, ಆ ಹುಡುಗಿಯ ಗಲ್ಲ ಸವರಿ ಲಟಿಕೆ ಮುರಿದು ಅತ್ತಳು. ವೈಜಯಂತಿಗೆ ಆ ಕೆಲಸವಾಗಿ, ಹೂಗಾರರ ಮನೆಯ ಬಡತನ ನೀಗಿ, ಮೂವರೂ ಸುಖವಾಗಿದ್ದರು.

ಅಂದಿನಿಂದ ಆ ಪಟ್ಟಣದಲ್ಲಿ ಯಾವ ಮಗಳೂ ಸಂದರ್ಶನಕ್ಕೆ ಒಬ್ಬಳೇ ಹೋಗುವುದಿಲ್ಲ. ಈ ಕಥೆಯನ್ನು ಓದಿದವರಿಗೆ, ಕೇಳಿದವರಿಗೆ, ಮರೆತವರಿಗೆ ನೆನಪು ಮಾಡಿಕೊಟ್ಟವರಿಗೆ ವೈಜಯಂತಿಗೆ ಸಿಕ್ಕ ಫಲವೇ ಸಿಗುವುದು. ಅಮ್ಮಾ ಗೌರೀ, ಈ ದೀಪದ ಮುಂದೆ ಕೂತ ನಮ್ಮ ಮಕ್ಕಳಿಗೆ ಕೊಡು. ಇಲ್ಲಿಗೆ ಬರಲೂ ನಾಚಿ ಮನೆಯಲ್ಲೇ ಉಳಿದ ಮಕ್ಕಳಿಗೆ ಅವರಿಗಿಂತ ಮೊದಲು ಕೊಡು.