ಚೊಂದವ್ವನ ಕೈಗೆ ಒಗ್ಗಿದ ಗುಂಡು

ಕೊಡಗಿನ ಚೊಂದವ್ವ ತನ್ನ ರಕ್ಷಣೆಗೆಂದು ಮನೆಯ ಎರಡು ಪಿಸ್ತೂಲುಗಳಲ್ಲಿ ಒಂದನ್ನು ಹತ್ತಿರ ಇಟ್ಟುಕೊಳ್ಳಬೇಕೆಂದಿದ್ದಳು. ಕೈಲ್ ಮುಹೂರ್ತದ ದಿನ ಆಯುಧಗಳ ಪೂಜೆ ಮುಗಿದಾಗ, ಹೂವು ಮುಡಿದು ಕೂತಿದ್ದ ದಪ್ಪ ಗುಂಡಿನ ಪಿಸ್ತೂಲು ಪಕ್ಕದ ಸಣ್ಣ ಗುಂಡಿನದಕ್ಕೆ ಹೇಳಿತು: "ಅವಳನ್ನು ಕಾಯಲು ನಾನಿದ್ದೇನೆ. ನಿನ್ನ ಗುಂಡು ಸೊಳ್ಳೆ ಕಡಿದ ಹಾಗೆ."

"ಆಗಲಿ ಅಣ್ಣ. ಅವಳ ಕೈಯನ್ನೂ ಒಂದು ಮಾತು ಕೇಳು" ಎಂದಿತು ಸಣ್ಣದು.

ಪದ್ಧತಿಯಂತೆ ಎಲ್ಲರೂ ತೆಂಗಿನಕಾಯಿಗೆ ಗುರಿಯಿಟ್ಟರು. ಚೊಂದವ್ವ ದಪ್ಪನೆಯದನ್ನು ಎತ್ತಿ ಹೊಡೆದಳು. ಅದು ಒದ್ದ ರಭಸಕ್ಕೆ ಅವಳ ಕೈ ಮೇಲೆದ್ದು, ಗುಂಡು ಕಾಯಿಯ ಹಿಂದಿನ ಮಣ್ಣಿನ ದಿಣ್ಣೆ ದಾಟಿ ಕೊಟ್ಟಿಗೆಯ ಹಲಗೆಯನ್ನು ತೂರಿಕೊಂಡು ಹೋಯಿತು. ಒಳಗಿನಿಂದ ಕರು ಬೆದರಿ ಓಡಿಬಂದು ದಪ್ಪ ಪಿಸ್ತೂಲನ್ನು ಕೇಳಿತು:

"ಕಿವಿಯ ಪಕ್ಕದಲ್ಲೇ ಹೋಯಿತಲ್ಲಪ್ಪ! ನಾನು ನಿನಗೇನು ಮಾಡಿದ್ದೆ?"

ಆಮೇಲೆ ಚೊಂದವ್ವ ಸಣ್ಣದನ್ನು ಎತ್ತಿಕೊಂಡಳು. ಅದೇ ಕೈಯಲ್ಲಿ ಸಣ್ಣದು ಅಲುಗದೆ ನಿಂತು ಕಾಯಿ ಒಡೆಯಿತು.

ಸಂಜೆ ಚೊಂದವ್ವ ಸಣ್ಣದನ್ನು ಕಣ್ಣಿಗೊತ್ತಿಕೊಂಡು ಒಳಗೆ ಹೊರಟಾಗ ಅದು ಕೇಳಿತು: "ಬೇಸರವಾಯಿತೇ, ಅಣ್ಣ?"

"ಬೇಸರವೇ? ಅಲ್ಲಿ ಕರು ಹಾಲು ಕುಡಿಯುತ್ತಿದೆ, ನೋಡು. ಅದನ್ನು ಕಾಣುವ ಭಾಗ್ಯ ನನಗೆ ಉಳಿಯಿತಲ್ಲ! ನೀನು ಹೋಗು, ತಮ್ಮ. ಈ ಹೂವು ನನಗಿರಲಿ, ಅವಳನ್ನು ಕಾಯುವುದು ನಿನಗಿರಲಿ."